ಕಾಸರಗೋಡಿನಿಂದ ಬೆಂಗಳೂರಿಗೆ, ಒಂದು ಜಾಝ್ ಸಂಜೆಗಾಗಿ

ಮೊದಲ ಸಲ ಜಾಝ್ ಕೇಳಲು ಹೊರಟವರು ಸಾಮಾನ್ಯವಾಗಿ ಕೇಳುವುದು, ಯಾರ ಕಾರ್ಯಕ್ರಮಕ್ಕೆ ಹೋಗಲಿ ಅಂತ. ಅದನ್ನು ಆಮೇಲೆ ನೋಡಿ. ಎಲ್ಲಿ ನುಡಿಸುತ್ತಾರೆ ಎಂಬುದನ್ನು ಮೊದಲು ನೋಡಿ. ಜನ ಕಿವಿಗೊಟ್ಟು ಕೂರುವ ಜಾಗವಾದರೆ ಹೆಸರಿಲ್ಲದ ಹುಡುಗರ ತಂಡವೂ ನಿಮ್ಮನ್ನು ಹಿಡಿದು ಕೂರಿಸುತ್ತದೆ. ಗ್ಲಾಸಿನ ಸದ್ದು, ಹುಟ್ಟುಹಬ್ಬದ ಗಲಾಟೆ, ಮೂಲೆಯಲ್ಲಿ ಕ್ರಿಕೆಟ್ ತೋರಿಸುವ ಟಿವಿ ಇರುವ ಜಾಗವಾದರೆ ಎಂಥ ದೊಡ್ಡ ಕಲಾವಿದರಾದರೂ ಹಿನ್ನೆಲೆ ಸದ್ದಾಗಿಬಿಡುತ್ತಾರೆ. ಬೆಂಗಳೂರಿನವರಿಗಾದರೆ ಬೇಸರ ಬಂದರೆ ಆಟೋ ಹಿಡಿದು ಮನೆಗೆ ಹೋಗಬಹುದು. ಕಾಸರಗೋಡಿನಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗುವ ನಮಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಸ್ವಲ್ಪ ಯೋಜನೆ ಬೇಕು.

ಕೊಚ್ಚಿಗೂ ಹೋಗಬಹುದು, ನಮ್ಮಿಂದ ರೈಲುಗಳೂ ಜಾಸ್ತಿ. ಆದರೆ ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಮಗನೋ ಮಗಳೋ ಭಾವನೋ ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. ಉಳಿಯುವ ಚಿಂತೆ ಅರ್ಧ ಕಡಿಮೆ. ಹಾಗಾಗಿ ಈ ಲೇಖನ ಬೆಂಗಳೂರಿನ ಬಗ್ಗೆ.

ಜಾಗ ಆರಿಸುವುದು

ಜಾಝ್ ನಡೆಯುವ ಜಾಗಗಳಲ್ಲಿ ಮೂರು ಬಗೆ ಉಂಟು.

ಒಂದು, ಸಭಾಂಗಣ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿದರೆ ಸಾಕು. ಹೆಸರು ಕೊಟ್ಟರೂ ಸೀಟು ಮೊದಲು ಬಂದವರಿಗೇ ಸಿಗುವುದರಿಂದ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ವಸಂತನಗರದ ಅಲಯನ್ಸ್ ಫ್ರಾನ್ಸೆ, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಇವುಗಳ ಕಾರ್ಯಕ್ರಮ ಪಟ್ಟಿಯ ಮೇಲೂ ಒಂದು ಕಣ್ಣಿಡಿ. ಫ್ರಾನ್ಸ್, ಜರ್ಮನಿಯ ತಂಡಗಳು ಬಂದರೆ ಅದರ ಸುದ್ದಿ ಇಲ್ಲಿ ಸಿಗುತ್ತದೆ. ತುಂಬ ದೊಡ್ಡ ಹೆಸರಿನವರಾದರೆ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಂಥ ದೊಡ್ಡ ಸಭಾಂಗಣ ಬೇಕಾಗುತ್ತದೆ. ಅಲ್ಲಿ ಹಿಂದಿನ ಸಾಲಿನಲ್ಲಿ ಕೂತರೆ ಕಲಾವಿದರ ಮುಖ ಕಾಣುವುದಿಲ್ಲ. ಜಾಝ್‌ಗೆ ಮುಖ ಕಾಣಬೇಕು. ಏಕೆ ಎಂದು ಮುಂದೆ ಹೇಳುತ್ತೇನೆ.

ಎರಡು, ಊಟವೂ ಸಂಗೀತವೂ ಇರುವ, ಆದರೆ ಸಂಗೀತಕ್ಕೇ ಎಂದು ಕಟ್ಟಿದ ಜಾಗ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಹೀಗೆ. ಬಿಯರ್ ಅವರೇ ತಯಾರಿಸುತ್ತಾರೆ, ಜೊತೆಗೆ ಜಾಝ್ ಕೇಳಲೆಂದೇ ವೇದಿಕೆ, ಧ್ವನಿ ವ್ಯವಸ್ಥೆ ಎಲ್ಲ ಉಂಟು. ಟಿಕೆಟ್ ತೆಗೆದುಕೊಂಡು ಬಂದವರು ಹೆಚ್ಚಾಗಿ ಕೇಳಲೆಂದೇ ಬಂದಿರುತ್ತಾರೆ. ‘ನಾವು ಕುಡಿಯುವವರಲ್ಲ, ಅಲ್ಲಿ ಏನು ಮಾಡುವುದು?’ ಎಂದು ಹಿಂಜರಿಯುವವರಿದ್ದಾರೆ. ಲೈಮ್ ಸೋಡಾ ತರಿಸಿ ಕೂತುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ಮಾತ್ರ ಫೋನ್ ಮಾಡಿ ಕೇಳಿ. ಮದ್ಯ ಮಾರುವ ಕೆಲವು ಕಡೆ 21 ವರ್ಷದ ಕೆಳಗಿನವರಿಗೆ ಪ್ರವೇಶ ಇರುವುದಿಲ್ಲ.

ಮೂರನೆಯದು, ‘ಲೈವ್ ಮ್ಯೂಸಿಕ್’ ಎಂದು ಬೋರ್ಡ್ ಹಾಕಿದ ಸಾಮಾನ್ಯ ಪಬ್. ಮೊದಲ ಸಲಕ್ಕೆ ಬೇಡ.

ರೈಲು ಮೊದಲು, ಟಿಕೆಟ್ ಆಮೇಲೆ

ಜಾಝ್ ಕಾರ್ಯಕ್ರಮದ ಸುದ್ದಿ ಹೊರಬೀಳುವುದು ಹೆಚ್ಚಾಗಿ ಎರಡು ಮೂರು ವಾರ ಮೊದಲು. ಅಷ್ಟರಲ್ಲಿ ಕಣ್ಣೂರು–ಬೆಂಗಳೂರು ರಾತ್ರಿ ರೈಲಿನಲ್ಲಿ ಶುಕ್ರವಾರದ ಸೀಟು ಖಾಲಿಯಾಗಿರುತ್ತದೆ. ಈಗ ರೈಲ್ವೆಯಲ್ಲಿ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುತ್ತದೆ. ಹಿಂದೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಬದಲಾಯಿತು. ನೀವು ಹೋಗಬೇಕೆಂದಿರುವ ತಿಂಗಳಲ್ಲಿ ಒಂದು ಶುಕ್ರವಾರ ಹೋಗಲು, ಆ ಭಾನುವಾರ ಬರಲು ಮೊದಲೇ ಟಿಕೆಟ್ ಮಾಡಿಸಿಡಿ. ಆ ಶನಿವಾರ ಕೇಳುವಂಥದ್ದು ಏನೂ ಇಲ್ಲವೆಂದು ಗೊತ್ತಾದರೆ ರದ್ದು ಮಾಡಿ. ಬೇಗ ರದ್ದು ಮಾಡಿದರೆ ಹೋಗುವ ದುಡ್ಡು ಜಾಸ್ತಿ ಅಲ್ಲ. ಕೊನೆಗೆ ತತ್ಕಾಲ್ ಇದ್ದೇ ಇದೆ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಅದನ್ನು ನಂಬಿ ಕೂರಬೇಡಿ.

ಶುಕ್ರವಾರ, ಶನಿವಾರ, ಭಾನುವಾರ ಎಂಬ ಲೆಕ್ಕ ಸುಮ್ನೆ ಹೇಳಿದ್ದಲ್ಲ. ಆ ರೈಲು ಸಂಜೆ ಕಾಸರಗೋಡು ಬಿಟ್ಟು, ಮಂಗಳೂರು, ಹಾಸನದ ದಾರಿಯಾಗಿ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ವಾಪಸು ಹೊರಡುವುದು ರಾತ್ರಿ ಒಂಬತ್ತೂವರೆ ಸುಮಾರಿಗೆ. ನಿಮ್ಮ ಜಾಝ್ ಆಗ ಇನ್ನೂ ಕಾವೇರುತ್ತಿರುತ್ತದೆ! ಕಾರ್ಯಕ್ರಮದ ರಾತ್ರಿಯೇ ಊರಿಗೆ ಹೊರಡುವ ಆಸೆ ಬಿಡಿ. ಗಡಿಯಾರ ನೋಡಿಕೊಂಡು ಕೇಳುವ ಸಂಗೀತ ಅದಲ್ಲ. ಭಾನುವಾರ ರಾತ್ರಿ ಹೊರಟರೆ ಸೋಮವಾರ ಬೆಳಿಗ್ಗೆ ಊರು. ಅರ್ಧ ದಿನ ರಜೆ ಹಾಕಿಬಿಡಿ. ಸಮಯ ಆಗಾಗ ಬದಲಾಗುವುದರಿಂದ ಬುಕ್ ಮಾಡುವಾಗ ಒಮ್ಮೆ ನೋಡಿಕೊಳ್ಳಿ.

ಮಳೆಗಾಲದಲ್ಲಿ ನಾನಾದರೆ ಈ ಯೋಜನೆಯನ್ನೇ ಹಾಕುವುದಿಲ್ಲ. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ 57 ಸುರಂಗ, ಪಕ್ಕದಲ್ಲೇ ಗುಡ್ಡ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ದಿನಗಟ್ಟಲೆ ರೈಲು ನಿಂತಿತ್ತು. ಶಿರಾಡಿ ಘಾಟಿಯ ರಸ್ತೆಯ ಕತೆಯೂ ಅಷ್ಟೇ. ಸುಳ್ಯ–ಮಡಿಕೇರಿ–ಮೈಸೂರು ಮೇಲೆ ಬಸ್ಸಿನಲ್ಲಿ ಹೋಗಬಹುದು. ಆದರೆ ರಾತ್ರಿಯಿಡೀ ತಿರುವುಗಳಲ್ಲಿ ಹೊಟ್ಟೆ ಹಿಡಿದುಕೊಂಡು ಕೂತವರಿಗೆ ಮರುದಿನ ಸಂಜೆ ಎರಡು ಗಂಟೆ ಕೂತು ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ 30 ಯುನೆಸ್ಕೊ ಘೋಷಿಸಿದ ಅಂತಾರಾಷ್ಟ್ರೀಯ ಜಾಝ್ ದಿನ. ಆ ವಾರವೂ ಹುಡುಕಿ ನೋಡಿ.

ಉಳಿಯುವ ಜಾಗ ನೇರಳೆ ಮೆಟ್ರೋ ಸಾಲಿನಲ್ಲಿರಲಿ. ಮೆಜೆಸ್ಟಿಕ್, ಎಂ.ಜಿ. ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್ ಎಲ್ಲ ಒಂದೇ ಗೆರೆ. 2023ರ ಅಕ್ಟೋಬರ್‌ನಿಂದ ಈ ಸಾಲು ಚಲ್ಲಘಟ್ಟದಿಂದ ಕಾಡುಗೋಡಿವರೆಗೆ ಪೂರ್ತಿ ಓಡುತ್ತಿದೆ. ಬೆಂಗಳೂರು ರೈಲು ನಿಲ್ದಾಣದಿಂದ ಹೊರಬಿದ್ದರೆ ಮೆಟ್ರೋ ಅಲ್ಲೇ. ಶನಿವಾರ ಸಂಜೆ ವೈಟ್‌ಫೀಲ್ಡಿಗೆ ಕಾರಿನಲ್ಲಿ ಹೋಗುತ್ತೇನೆ ಎಂದು ಭಾವ ಹೇಳಿದರೆ ಕೈ ಮುಗಿದು ಮೆಟ್ರೋ ಹತ್ತಿ.

ನೆಂಟರ ಮನೆಯಲ್ಲಿ ಉಳಿಯುವವರಿಗೆ ಇನ್ನೊಂದು ಮಾತು. ‘ಕಾರ್ಯಕ್ರಮ ಮುಗಿಸಿ ಬರುವಾಗ ಹನ್ನೆರಡಾಗುತ್ತದೆ, ಊಟಕ್ಕೆ ಕಾಯಬೇಡಿ, ಕೀಲಿ ಕೊಟ್ಟಿರಿ’ ಎಂದು ಬೆಳಿಗ್ಗೆಯೇ ಹೇಳಿ. ಇಲ್ಲದಿದ್ದರೆ ಅತ್ತಿಗೆ ಎಂಟಕ್ಕೇ ಬಾಳೆಲೆ ಹಾಕಿ ಕೂರಿಸಿಬಿಡುತ್ತಾರೆ.

ಟಿಕೆಟ್, ಕವರ್ ಚಾರ್ಜ್, ಬಿಲ್ಲು

ಟಿಕೆಟ್ ಬುಕ್‌ಮೈಶೋದಲ್ಲೋ ಡಿಸ್ಟ್ರಿಕ್ಟ್ ಆ್ಯಪ್‌ನಲ್ಲೋ ಆ ಜಾಗದವರ ಸ್ವಂತ ವೆಬ್‌ಸೈಟಿನಲ್ಲೋ ಸಿಗುತ್ತದೆ. ಆ್ಯಪ್‌ನಲ್ಲಿ ಕೊನೆಗೆ ಬುಕಿಂಗ್ ಶುಲ್ಕ, ಜಿಎಸ್‌ಟಿ ಸೇರಿ ಮೊತ್ತ ಏರುತ್ತದೆ. ಅದಕ್ಕೆ ಜಾಗದವರ ಸೈಟನ್ನು ಒಮ್ಮೆ ನೋಡಿ.

ಕವರ್ ಚಾರ್ಜ್ ಎಂಬ ಪದ ಕಂಡರೆ ಒಂದೇ ಪ್ರಶ್ನೆ ಕೇಳಿ: ಈ ದುಡ್ಡು ಊಟದ ಬಿಲ್ಲಿನಲ್ಲಿ ಕಳೆಯುತ್ತದೋ, ಇಲ್ಲವೋ? ಕೆಲವು ಕಡೆ ಪೂರ್ತಿ ಕಳೆಯುತ್ತಾರೆ, ಕೆಲವು ಕಡೆ ಸ್ವಲ್ಪ, ಕೆಲವು ಕಡೆ ಅದು ಬರೀ ಒಳಗೆ ಹೋಗುವ ದುಡ್ಡು. ಇದು ಗೊತ್ತಿಲ್ಲದೆ ಕೂತರೆ ಲೆಕ್ಕ ತಪ್ಪುತ್ತದೆ. ಇನ್ನು ಬಿಲ್ಲಿನ ಕೆಳಗಿನ ಸರ್ವಿಸ್ ಚಾರ್ಜ್. ಅದು ತೆರಿಗೆ ಅಲ್ಲ, ಕೊಡಲೇಬೇಕು ಎಂದೂ ಇಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹಾಗೆ ಹೇಳಿತ್ತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡಿಸಿದವರ ಕೈಗೇ ಏನಾದರೂ ಕೊಡುವುದು ನನಗೆ ಸರಿ ಅನ್ನಿಸುತ್ತದೆ.

‘ಡೋರ್ಸ್ ಓಪನ್’ ಎಂದು ಬರೆದದ್ದು ಬಾಗಿಲು ತೆರೆಯುವ ಸಮಯ. ನುಡಿಸಲು ಶುರುಮಾಡುವುದು ಅದರ ಅರ್ಧ ಗಂಟೆ, ಒಂದು ಗಂಟೆ ನಂತರ.

ಒಂದು ವಾರ ಮೊದಲು: ಕಿವಿಯನ್ನು ತಯಾರು ಮಾಡುವುದು

ಜಾಝ್ ನಮಗೆ ತಿಳಿಯುವುದಿಲ್ಲ, ಅದು ಅಮೆರಿಕದವರದ್ದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕುಂಬಳೆ ಸೀಮೆಯಲ್ಲಿ ಹುಟ್ಟಿ ತಾಳಮದ್ದಲೆ ಕೇಳಿ ಬೆಳೆದವರು ಹಾಗೆ ಹೇಳಬಾರದು, ಮಾರಾಯ್ರೆ.

ತಾಳಮದ್ದಲೆಯಲ್ಲಿ ಏನಾಗುತ್ತದೆ? ಪ್ರಸಂಗದ ಪದ್ಯ ಮೊದಲೇ ಬರೆದದ್ದು. ಭಾಗವತರು ಅದನ್ನು ಹಾಡುತ್ತಾರೆ. ಆಮೇಲೆ ಅರ್ಥಧಾರಿ ಮಾತಿಗೆ ತೊಡಗುತ್ತಾರೆ. ಆ ಮಾತು ಬರೆದದ್ದಲ್ಲ. ಅಲ್ಲೇ ಹುಟ್ಟುವುದು. ಎದುರಿನವರು ಏನು ಕೇಳಿದರು, ಸಭೆ ಹೇಗಿದೆ, ಆ ರಾತ್ರಿಯ ಹುರುಪು ಎಷ್ಟು, ಇದರ ಮೇಲೆ ಮಾತು ಬೆಳೆಯುತ್ತದೆ. ಎಲ್ಲಿಗೆ ಹೋದರೂ ಪದ್ಯದ ಹದ್ದು ಮೀರುವಂತಿಲ್ಲ, ಮುಂದಿನ ಪದ್ಯಕ್ಕೆ ಜಾಗ ಮಾಡಿಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಎರಡು ಕಡೆ ಕೇಳಿದವರಿಗೆ ಎರಡು ವಾಲಿ ಸಿಗುತ್ತಿದ್ದ. ಕತೆ ಗೊತ್ತಿಲ್ಲ ಎಂದು ಯಾರೂ ಹೋಗುತ್ತಿರಲಿಲ್ಲ. ಇವತ್ತು ಏನು ಹೇಳುತ್ತಾರೆ ಎಂದೇ ಹೋಗುತ್ತಿದ್ದರು.

ಜಾಝ್ ನಡೆಯುವುದು ಹೀಗೆಯೇ. ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುತ್ತಾರೆ. ಅದಕ್ಕೆ ಅವರು ‘ಹೆಡ್’ ಎನ್ನುತ್ತಾರೆ. ಅದು ಪದ್ಯ. ಆ ಧಾಟಿಯ ಅಡಿಯಲ್ಲಿ ಸ್ವರಮೇಳಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಒಂದು ಸಾಲು ಉಂಟು. ಧಾಟಿ ಮುಗಿದ ಮೇಲೂ ಆ ಸಾಲು ಸುತ್ತಿ ಸುತ್ತಿ ಬರುತ್ತಲೇ ಇರುತ್ತದೆ. ಹಳೆಯ ಹಾಡುಗಳಲ್ಲಿ ಹೆಚ್ಚಾಗಿ ಒಂದು ಸುತ್ತಿಗೆ 32 ಬಾರ್ (ನಮ್ಮ ಆವರ್ತದ ಹಾಗೆ ತಾಳದ ಒಂದು ಅಳತೆ), ಬ್ಲೂಸ್ ಎಂಬ ಬಗೆಯ ಹಾಡಾದರೆ 12. ಒಂದೊಂದು ಬಾರ್‌ಗೆ ಸಾಮಾನ್ಯವಾಗಿ ನಾಲ್ಕು ಎಣಿಕೆ. ಈ ಸುತ್ತಿನ ಮೇಲೆ ಸ್ಯಾಕ್ಸೋಫೋನಿನವರು ತಮ್ಮ ಅರ್ಥ ಹೇಳುತ್ತಾರೆ. ಅದು ಸೋಲೊ. ಅವರದ್ದು ಮುಗಿದರೆ ಪಿಯಾನೊ, ಆಮೇಲೆ ತಗ್ಗು ದನಿಯ ತಂತಿವಾದ್ಯ ಬಾಸ್. ಕೊನೆಗೆ ಎಲ್ಲರೂ ಮತ್ತೆ ಹೆಡ್‌ಗೆ ಬಂದು ಮುಗಿಸುತ್ತಾರೆ. ನಡುವೆ ಕೇಳಿದ್ದೆಲ್ಲ ಆ ರಾತ್ರಿಯದ್ದೇ. ಮರುದಿನ ಅದೇ ಹಾಡಿಗೆ ಬೇರೆ ಮಾತು.

ಆದ್ದರಿಂದ ತಯಾರಿ ಎಂದರೆ ಪದ್ಯ ಗೊತ್ತುಮಾಡಿಕೊಳ್ಳುವುದು. ತಂಡದ ಹೆಸರು ಯೂಟ್ಯೂಬಿನಲ್ಲಿ ಹಾಕಿ, ಅವರು ನುಡಿಸುವ ಒಂದೆರಡು ಹಾಡು ಹುಡುಕಿ. ಹೆಡ್ ಭಾಗವನ್ನಷ್ಟೇ ಬಾಯಲ್ಲಿ ಗುನುಗುವಷ್ಟು ಸಲ ಕೇಳಿ. ಸೋಲೊ ಬಾಯಿಪಾಠ ಮಾಡುವುದು ಬೇಡ. ಕಛೇರಿಯಲ್ಲಿ ಆ ಧಾಟಿಯನ್ನು ಮನಸ್ಸಿನಲ್ಲಿ ಹಾಡುತ್ತಾ ಹೋದರೆ ಸೋಲೊ ಎಷ್ಟು ದೂರ ಹೋದರೂ ನೀವು ದಾರಿ ತಪ್ಪುವುದಿಲ್ಲ.

ಎರಡು ಧ್ವನಿಮುದ್ರಣ ನಮ್ಮವರಿಗೆ ಬಹಳ ಒಳ್ಳೆಯ ಬಾಗಿಲು. ಒಂದು, ಡೇವ್ ಬ್ರೂಬೆಕ್ ತಂಡದ 1959ರ ‘ಟೇಕ್ ಫೈವ್’. ಅದನ್ನು ರಚಿಸಿದವರು ಅದೇ ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್. ಬಾರ್‌ಗೆ ಐದು ಎಣಿಕೆ. ಖಂಡ ಚಾಪು ತಾಳ ಹಾಕಿ ಗೊತ್ತಿರುವವರ ಕೈ ತಾನೇ ಐದನ್ನು ಹಿಡಿಯುತ್ತದೆ, ಆದರೆ ಅಲ್ಲಿ ಎರಡು ಮತ್ತು ಮೂರಾದರೆ ಇಲ್ಲಿ ಒಡೆಯುವುದು ಮೂರು ಮತ್ತು ಎರಡಾಗಿ. ಆ ಸಣ್ಣ ತಕರಾರೇ ಕೇಳಲು ಮಜಾ. ಇನ್ನೊಂದು, 2008ರ ‘ಕಿನ್ಸ್‌ಮೆನ್’ ಎಂಬ ಆಲ್ಬಮ್. ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು, ಕರ್ನಾಟಕ ಮೂಲದ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ, ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೋಫೋನ್. ಒಂದೇ ವಾದ್ಯದಲ್ಲಿ ಗಮಕ ಹೇಗಿರುತ್ತದೆ, ಜಾಝ್ ಹೇಗಿರುತ್ತದೆ ಎಂದು ಅಕ್ಕಪಕ್ಕದಲ್ಲೇ ಕೇಳಬಹುದು. ಕದ್ರಿಯವರಿಗೆ ಜಾಝ್ ನಂಟು ಹಳೆಯದು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಕ್ಯಾಲಿಫೋರ್ನಿಯಾದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆಗೆ ನುಡಿಸಲು ಮುಂದೆ ಬಂದಿದ್ದರು. ಇನ್ನೂ ಹುಡುಕುವ ಉತ್ಸಾಹ ಇದ್ದರೆ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ಮುದ್ರಣಗಳೂ ಉಂಟು.

ಆ ದಿನ

ಶನಿವಾರ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ. ಕೇಳಲು ತಮಾಷೆ ಅನ್ನಿಸಬಹುದು. ಹಿಂದಿನ ರಾತ್ರಿ ರೈಲಿನಲ್ಲಿ ಅರೆನಿದ್ದೆ, ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ಚಿಕ್ಕಪೇಟೆ ಸೀರೆ ಅಂಗಡಿ ಎಂದೆಲ್ಲ ತುಂಬಿಕೊಂಡರೆ ಎರಡನೇ ಹಾಡಿಗೇ ತೂಕಡಿಕೆ. ಲಾಲ್‌ಬಾಗ್ ಭಾನುವಾರ ನೋಡಬಹುದು.

ಉಡುಪಿಗೆ ದೊಡ್ಡ ಕಟ್ಟಳೆ ಇಲ್ಲ. ಸಭಾಂಗಣಕ್ಕೆ ಏನು ಉಟ್ಟುಕೊಂಡು ಹೋದರೂ ಆಗುತ್ತದೆ. ಊಟ, ಮದ್ಯ ಇರುವ ಕಡೆ ಗಂಡಸರ ಚಪ್ಪಲಿ, ಚಡ್ಡಿಗೆ ತಕರಾರು ಮಾಡುವವರಿದ್ದಾರೆ. ಪಂಚೆಯ ವಿಷಯ ಕೇಳಲೇಬೇಡಿ. 2024ರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದು ಒಳಗೆ ಬಿಡದೆ ವಿಧಾನಸಭೆಯವರೆಗೂ ಸುದ್ದಿ ಹೋಗಿತ್ತು. ನ್ಯಾಯ ಪಂಚೆಯ ಕಡೆಗೇ ಇದೆ. ಆದರೆ ಬಾಗಿಲಲ್ಲಿ ವಾದ ಮಾಡುತ್ತಾ ಮೊದಲ ಕೆಲವು ಹಾಡು ಕಳೆದುಕೊಳ್ಳುವುದು ಬೇಡ ಅನ್ನಿಸಿದರೆ ಪ್ಯಾಂಟು ಹಾಕಿ, ಕಾಲಿಗೆ ಶೂ. ಒಂದು ಸ್ವೆಟರ್ ಅಥವಾ ಶಾಲು ಖಂಡಿತ ಇರಲಿ. ನಮ್ಮ ಸೆಖೆಯ ಊರಿನಿಂದ ಹೋದವರಿಗೆ ಡಿಸೆಂಬರಿನ ಬೆಂಗಳೂರು, ಅದರ ಮೇಲೆ ಸಭಾಂಗಣದ ಎಸಿ, ಎರಡೂ ಸೇರಿ ಹಲ್ಲು ಕಟಕಟ.

ಊಟ ಆರೂವರೆ ಏಳಕ್ಕೇ ಹಗುರವಾಗಿ ಮುಗಿಸಿ. ಹತ್ತೂವರೆಗೆ ಹೊರಬಂದರೆ ದರ್ಶಿನಿಗಳೆಲ್ಲ ಬಾಗಿಲು ಹಾಕಿರುತ್ತವೆ. ಕೂತಲ್ಲೇ ಊಟ ಮಾಡುವುದಾದರೆ ಸಂಗೀತ ಶುರುವಾಗುವ ಮೊದಲೇ ಆರ್ಡರ್ ಕೊಟ್ಟುಬಿಡಿ. ಮೆಲ್ಲನೆಯ ಹಾಡಿನ ನಡುವೆ ‘ಪನೀರ್ ಯಾರಿಗೆ?’ ಎಂಬ ಮಾತು ಇಡೀ ಕೋಣೆಗೆ ಕೇಳುತ್ತದೆ.

ಸೀಟು ಆರಿಸುವ ಅವಕಾಶ ಇದ್ದರೆ ವೇದಿಕೆಯತ್ತ ಮುಖ ಮಾಡಿ ನಿಂತಾಗ ನಿಮ್ಮ ಎಡಭಾಗಕ್ಕೆ ಹೋಗಿ. ದೊಡ್ಡ ಪಿಯಾನೊ ಇಡುವಾಗ ಅದರ ಮುಚ್ಚಳ ಸಭೆಯ ಕಡೆ ತೆರೆಯಬೇಕು. ಹಾಗಾಗಿ ವಾದಕರು ಎಡಗಡೆ ಕೂರುತ್ತಾರೆ, ಅವರ ಬೆರಳು ಎಡಗಡೆಯವರಿಗೇ ಕಾಣುತ್ತದೆ. ಡ್ರಮ್ಸ್‌ನ ಎದುರಿಗೇ ಬೇಡ. ತಾಳದ ತಟ್ಟೆಗಳ ಸದ್ದು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ದೊಡ್ಡ ಸಭಾಂಗಣದಲ್ಲಿ ಮಿಕ್ಸರ್ ಇಟ್ಟುಕೊಂಡು ಕೂತವರ ಹತ್ತಿರದ ಸಾಲು ಒಳ್ಳೆಯದು. ಅವರು ಸದ್ದನ್ನು ಹೊಂದಿಸುವುದು ತಮ್ಮ ಕಿವಿಗೆ ಕೇಳಿದಂತೆ ಅಲ್ವಾ?

ನುಡಿಸುವಾಗ

ಮುಖ ಕಾಣಬೇಕು ಎಂದು ಹೇಳಿದ್ದು ಇದಕ್ಕೆ. ಇವರು ಒಬ್ಬರನ್ನೊಬ್ಬರು ನೋಡಿಕೊಂಡೇ ನಡೆಸುವುದು. ಸೋಲೊ ಮುಗಿಸುವವರು ಹುಬ್ಬು ಹಾರಿಸುತ್ತಾರೆ, ಪಿಯಾನೊದವರು ತಲೆಯಾಡಿಸುತ್ತಾರೆ. ಯಾರಾದರೂ ಬೆರಳಿನಿಂದ ತಮ್ಮ ತಲೆ ಮುಟ್ಟಿ ತೋರಿಸಿದರೆ ‘ಹೆಡ್‌ಗೆ ಹೋಗೋಣ’ ಎಂದು. ನಾಲ್ಕು ಬೆರಳು ಎತ್ತಿದರೆ ಇನ್ನು ಡ್ರಮ್ಸ್‌ನವರಿಗೂ ಉಳಿದವರಿಗೂ ನಾಲ್ಕು ನಾಲ್ಕು ಬಾರ್‌ಗಳ ಸವಾಲ್ ಜವಾಬ್ ಶುರು. ಇದೊಂದು ಗೊತ್ತಿದ್ದರೆ ಪಕ್ಕದಲ್ಲಿ ಕೂತ ಬೆಂಗಳೂರಿನವರಿಗಿಂತ ನಿಮಗೇ ಜಾಸ್ತಿ ಕಾಣುತ್ತದೆ.

ಚಪ್ಪಾಳೆ ಸೋಲೊ ಮುಗಿದ ಕೂಡಲೇ, ಹಾಡು ಇನ್ನೂ ಓಡುತ್ತಿರುವಾಗಲೇ ತಟ್ಟುವುದು ವಾಡಿಕೆ. ಹಾಡು ಮುಗಿಯಲಿ ಎಂದು ಕಾಯಬೇಕಾಗಿಲ್ಲ. ತಾಳಕ್ಕೆ ಚಪ್ಪಾಳೆ ಹಾಕುವ ಉಮೇದು ಬಂದರೆ ಎರಡು ಮತ್ತು ನಾಲ್ಕನೇ ಎಣಿಕೆಗೆ ಹಾಕಿ. ನಮ್ಮ ಕೈ ಸಮಕ್ಕೇ, ಅಂದರೆ ಒಂದಕ್ಕೇ ಓಡುತ್ತದೆ. ಜಾಝ್‌ನಲ್ಲಿ ಅದು ಎತ್ತನ್ನು ಹಿಂದಕ್ಕೆ ಎಳೆದ ಹಾಗಾಗುತ್ತದೆ. ಕಾಲಲ್ಲಿ ಮೆಲ್ಲ ಹಾಕಿಕೊಂಡರೆ ಇನ್ನೂ ಕ್ಷೇಮ.

ಬಾಸ್ ಸೋಲೊ ಬಂದಾಗ ಉಳಿದ ವಾದ್ಯಗಳು ತಗ್ಗುತ್ತವೆ. ಸಭೆಯ ಅರ್ಧ ಜನ ಆಗಲೇ ಮಾತು ಶುರುಮಾಡುತ್ತಾರೆ. ಇದು ಲೋಕದೆಲ್ಲೆಡೆ ಬಾಸ್ ವಾದಕರ ಗೋಳು. ನೀವಾದರೂ ಸುಮ್ಮನಿರಿ. ಆ ತಗ್ಗು ದನಿಯಲ್ಲಿ ಧಾಟಿ ಎಲ್ಲಿದೆ ಎಂದು ಹುಡುಕುವುದು ಇಡೀ ಸಂಜೆಯ ಒಳ್ಳೆಯ ಆಟ.

ಫೋನಿನಲ್ಲಿ ಒಂದು ಚಿತ್ರ, ಫ್ಲ್ಯಾಶ್ ಇಲ್ಲದೆ. ಪೂರ್ತಿ ಹಾಡಿನ ವಿಡಿಯೊ ಮಾಡಿ ಮನೆ ಗ್ರೂಪಿಗೆ ಹಾಕುವುದು ಬೇಡ. ಹಿಂದೆ ಕೂತವರಿಗೆ ನಿಮ್ಮ ಪರದೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಎರಡು ಸೆಟ್. ಒಂದೊಂದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ನಡುವೆ ಬಿಡುವು. ಸುಸ್ತಾಯಿತೆಂದು ಬಿಡುವಿನಲ್ಲಿ ಎದ್ದು ಹೋಗಬೇಡಿ. ಎರಡನೇ ಸೆಟ್ ಹೊತ್ತಿಗೆ ಕೈ ಪಳಗಿ, ಹೆದರಿಕೆ ಹೋಗಿ, ಸಾಹಸ ಶುರುವಾಗಿರುತ್ತದೆ. ಏನೂ ಹಿಡಿಸದೆ ಹೋದರೆ? ಹಾಗೂ ಆಗುತ್ತದೆ. ಕೆಲವರ ಸಂಗೀತ ಧಾಟಿಯೇ ಇಲ್ಲದಷ್ಟು ದೂರ ಹೋಗಿರುತ್ತದೆ. ಆಗ ಡ್ರಮ್ಸ್‌ನವರ ಎಡಗೈಯನ್ನಷ್ಟೇ ನೋಡುತ್ತಾ ಕೂತುಕೊಳ್ಳಿ. ಹೊತ್ತು ಹೋಗುತ್ತದೆ.

ಮುಗಿದ ಮೇಲೆ

ಮೆಟ್ರೋ ರಾತ್ರಿ 11ರ ಆಸುಪಾಸಿಗೆ ನಿಲ್ಲುತ್ತದೆ. ನಿಮ್ಮ ನಿಲ್ದಾಣದ ಕೊನೆಯ ಗಾಡಿ ಎಷ್ಟಕ್ಕೆಂದು ಹೋಗುವಾಗಲೇ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಶನಿವಾರ ರಾತ್ರಿಯ ಕ್ಯಾಬ್ ದರ ಟಿಕೆಟ್ಟಿನ ದುಡ್ಡನ್ನೇ ಮೀರಬಹುದು.

ಹತ್ತು ನಿಮಿಷ ಉಳಿದರೆ ಕಲಾವಿದರ ಹತ್ತಿರ ಹೋಗಿ ಮಾತಾಡಿ. ಚಿಕ್ಕ ಜಾಗಗಳಲ್ಲಿ ಅವರು ವಾದ್ಯ ಕಟ್ಟುತ್ತಾ ಅಲ್ಲೇ ಇರುತ್ತಾರೆ. ‘ಚೆನ್ನಾಗಿತ್ತು’ ಎನ್ನುವ ಬದಲು ‘ಮೂರನೇ ಹಾಡು ಯಾವುದು?’ ಎಂದು ಕೇಳಿದರೆ ಹೆಸರೂ ಸಿಗುತ್ತದೆ, ಮಾತೂ ಬೆಳೆಯುತ್ತದೆ. ಮನೆಗೆ ಬಂದು ಆ ಹಾಡನ್ನು ಬೇರೆಯವರು ನುಡಿಸಿದ್ದು ಹುಡುಕಿ ಕೇಳಬಹುದು.

ಹಾಗೆಯೇ ಬಾಸ್ ಮತ್ತು ಡ್ರಮ್ಸ್ ನುಡಿಸಿದವರ ಇನ್‌ಸ್ಟಾಗ್ರಾಮ್ ಹೆಸರು ಕೇಳಿಟ್ಟುಕೊಳ್ಳಿ. ಜಾಝ್‌ನಲ್ಲಿ ತಂಡಗಳ ಹೆಸರು ಬದಲಾಗುತ್ತಿರುತ್ತದೆ, ಈ ಇಬ್ಬರು ಮಾತ್ರ ಇವತ್ತು ಒಂದು ತಂಡ, ನಾಳೆ ಇನ್ನೊಂದು ಎಂದು ಎಲ್ಲ ಕಡೆ ನುಡಿಸುತ್ತಿರುತ್ತಾರೆ. ಮುಂದಿನ ಕಾರ್ಯಕ್ರಮದ ಸುದ್ದಿ ಎಷ್ಟೋ ಸಲ ಮೊದಲು ಬರುವುದು ಅವರ ಪುಟದಲ್ಲೇ. ನಮಗೆ ರೈಲಿನ ಬುಕಿಂಗ್‌ಗೆ ಒಂದು ವಾರ ಜಾಸ್ತಿ ಸಿಕ್ಕಿದರೂ ಲಾಭವೇ.